ನೋಟಿಫಿಕೇಷನ್ ತಡವಾಗ್ತಿದೆ, ಯಾವ ಬ್ರೋಕರ್ ಒಳ್ಳೇದು?

ಬ್ರೋಕರ್, ಅಂದರೆ ಮೆಸೇಜು ಪಡೆದು ಸಬ್‌ಸ್ಕ್ರೈಬ್ ಮಾಡಿದವರಿಗೆಲ್ಲ ಹಂಚುವ ಮಧ್ಯವರ್ತಿ ಸರ್ವೀಸ್, ಅದನ್ನು ಬದಲಾಯಿಸಲು ಹೋಗಬೇಡಿ. ಡಬ್ಲ್ಯುಎಸ್-ನೋಟಿಫಿಕೇಷನ್ (ವೆಬ್ ಸರ್ವೀಸುಗಳ ನಡುವೆ ಸುದ್ದಿ ಮುಟ್ಟಿಸುವ ಸ್ಟ್ಯಾಂಡರ್ಡ್) ಮೆಸೇಜುಗಳು ಗ್ರಾಹಕರಿಗೆ ತಡವಾಗಿ ಸೇರುತ್ತಿವೆ, ಹೊರಡಿಸುವ ಸರ್ವೀಸ್ ಒಂದೇ, ಇನ್ನೂ ದೊಡ್ಡ ಬ್ರೋಕರ್ ಯಾವುದು ಅಂತ ಕೇಳಿದ್ದೀರಿ. ಅದೇ ಪ್ರಶ್ನೆ ಹಿಡಿದುಕೊಂಡು ನಾವು ಒಂದಿಡೀ ಮಳೆಗಾಲ ಕಳೆದೆವು, ದುಡ್ಡೂ ಕಳೆದೆವು.

ಶಿವಮೊಗ್ಗದಿಂದ ಅಡಿಕೆ ರೇಟು ಕಳಿಸುವ ಕೆಲಸ ನಮ್ಮದು. ರಾಶಿ, ಬೆಟ್ಟೆ, ಸರಕು, ಗೊರಬಲು, ಅಡಿಕೆಯ ಈ ಬಗೆಗಳು ಒಂದೊಂದೂ ಒಂದು ಟಾಪಿಕ್, ಅಂದರೆ ಮೆಸೇಜಿನ ವಿಷಯ. ತೀರ್ಥಹಳ್ಳಿ, ಸಾಗರ, ಹೊಸನಗರದ ಮಂಡಿಗಳ ಕಂಪ್ಯೂಟರುಗಳು ಬೇಕಾದ ಟಾಪಿಕ್‌ಗೆ ಸಬ್‌ಸ್ಕ್ರೈಬ್ ಮಾಡಿಕೊಳ್ಳುತ್ತಿದ್ದವು. ಪದೇ ಪದೇ ರಿನ್ಯೂ ಮಾಡುವ ರಗಳೆ ಸುಮ್ನೆ ಯಾಕೆ ಅಂತ ನಾನು ಇನಿಶಿಯಲ್ ಟರ್ಮಿನೇಷನ್ ಟೈಮ್, ಅಂದರೆ ಸಬ್‌ಸ್ಕ್ರಿಪ್ಷನ್ ಮುಗಿಯುವ ಹೊತ್ತು ಬರೆಯುವ ಜಾಗದಲ್ಲಿ ನಿಲ್ (ಖಾಲಿ) ಹಾಕಿಸಿದೆ. ಅಂದರೆ ಆ ಸಬ್‌ಸ್ಕ್ರಿಪ್ಷನ್ ತಾನಾಗಿ ಯಾವತ್ತೂ ಮುಗಿಯುವುದಿಲ್ಲ.

ಮಳೆ ಹಿಡಿಯಿತು. ಮಲೆನಾಡಿನ ಮಳೆ ಗೊತ್ತಲ್ಲ, ಕರೆಂಟಿಗೂ ರಜೆ, ಲೈನಿಗೂ ರಜೆ. ಕರೆಂಟು ಬಂದಾಗ ಮಂಡಿಯ ರೂಟರಿಗೆ ಹೊಸ ಐಪಿ ವಿಳಾಸ. ಅಲ್ಲಿನ ಪ್ರೋಗ್ರಾಂ ಹೊಸ ವಿಳಾಸ ಕೊಟ್ಟು ಮತ್ತೆ ಸಬ್‌ಸ್ಕ್ರೈಬ್ ಮಾಡುತ್ತಿತ್ತು. ಹಳೆಯದನ್ನು ಅನ್‌ಸಬ್‌ಸ್ಕ್ರೈಬ್ ಮಾಡುವವರು ಯಾರು? ಅವಧಿ ಇದ್ದಿದ್ದರೆ ಅದೇ ಉದುರಿ ಹೋಗುತ್ತಿತ್ತು. ಅವಧಿಯೇ ಇಲ್ಲ, ಹಾಗಾಗಿ ಪಟ್ಟಿಯಲ್ಲೇ ಉಳಿಯಿತು. ನಮ್ಮ ಬ್ರೋಕರ್ ಕಳಿಸುತ್ತಿದ್ದದ್ದು ಒಂದಾದ ಮೇಲೊಂದು ವಿಳಾಸಕ್ಕೆ. ಸತ್ತ ವಿಳಾಸ ಸಿಕ್ಕರೆ ಟೈಮ್‌ಔಟ್ ಆಗುವವರೆಗೆ ಕಾಯುವುದು, ಆಮೇಲೆ ಮುಂದಿನದು. ಬೆಳಗಿನ ರೇಟು ಸಾಗರಕ್ಕೆ ಸೇರುವಾಗ ಮಧ್ಯಾಹ್ನ. "ವ್ಯಾಪಾರ ಮುಗಿದ ಮೇಲೆ ರೇಟು ಹೇಳ್ತೀರಲ್ಲ ಮಾರಾಯ್ರೆ" ಅಂತ ಫೋನು.

ನಾವು ಬೈದದ್ದು ಬ್ರೋಕರನ್ನು. ದೊಡ್ಡ ಸರ್ವರ್ ತಂದೆವು. ಅದೂ ಸತ್ತ ವಿಳಾಸಗಳಿಗೆ ಅಷ್ಟೇ ತಾಳ್ಮೆಯಿಂದ ಕಾಯಿತು! ಕೊನೆಗೆ ಸಬ್‌ಸ್ಕ್ರಿಪ್ಷನ್ ಪಟ್ಟಿ ತೆಗೆದು ನೋಡಿದರೆ ಪುಟದುದ್ದಕ್ಕೂ ಒಂದೇ ಮಂಡಿ.

ನೀವೂ ಮೊದಲು ಆ ಪಟ್ಟಿ ನೋಡಿ. ಅವಧಿ ಇಲ್ಲದ ಸಬ್‌ಸ್ಕ್ರಿಪ್ಷನ್ ಒಂದೂ ಇಟ್ಟುಕೊಳ್ಳಬೇಡಿ. ಅವಧಿಯನ್ನು ತಾರೀಖಾಗಿ ಕೊಡಬಹುದು, ಇಷ್ಟು ಹೊತ್ತು ಅಂತಲೂ ಕೊಡಬಹುದು. ಎರಡನೆಯದನ್ನೇ ಕೊಡಿ, ಪಿಟಿ10ಎಂ ಅಂದರೆ 10 ನಿಮಿಷ. ಮಂಡಿಯ ಹಳೇ ಕಂಪ್ಯೂಟರುಗಳ ಗಡಿಯಾರ ನಂಬುವಂಥದ್ದಲ್ಲ, ಹಾಗಾಗಿ ತಾರೀಖು ಬೇಡ. ಅರ್ಧ ಅವಧಿಗೇ ರಿನ್ಯೂ ಮಾಡಿಸಿ. ಫೇಲಾದರೆ ಹೊಸದಾಗಿ ಸಬ್‌ಸ್ಕ್ರೈಬ್ ಮಾಡಿ, ಗೆಟ್‌ಕರೆಂಟ್‌ಮೆಸೇಜ್ ಕರೆದು ಕೊನೆಯ ಮೆಸೇಜು ತಗೊಳ್ಳಲಿ. ಐಪಿ ಬದಲಾಗುತ್ತಲೇ ಇರುವ ಕಡೆಗೆ ಪುಲ್‌ಪಾಯಿಂಟ್ ಕೊಡಿ. ಮೆಸೇಜು ಅಲ್ಲೇ ಕೂತಿರುತ್ತದೆ, ಗ್ರಾಹಕರ ಪ್ರೋಗ್ರಾಂ ತಾನೇ ಬಂದು ಗೆಟ್‌ಮೆಸೇಜಸ್ ಕರೆದು ಎತ್ತಿಕೊಳ್ಳುತ್ತದೆ. ಈ ಸೌಲಭ್ಯಗಳೆಲ್ಲ ಓಯಸಿಸ್ ಅನ್ನುವ ಸಂಸ್ಥೆಯ 2006ರ ಡಬ್ಲ್ಯುಎಸ್-ನೋಟಿಫಿಕೇಷನ್ ಸ್ಟ್ಯಾಂಡರ್ಡಿನಲ್ಲೇ ಇವೆ, ಹೊಸದಾಗಿ ಕೊಳ್ಳುವಂಥದ್ದೇನಲ್ಲ.

ಇನ್ನೊಂದು. ಬ್ರೋಕರ್ ನಿಜವಾಗಿ ಬೇಕಾಗುವುದು ಮೆಸೇಜು ಹೊರಡಿಸುವವರು ಹಲವರಾದಾಗ. ನಿಮ್ಮಲ್ಲಿ ಹೊರಡಿಸುವ ಸರ್ವೀಸ್ ಒಂದೇ ಅಂತ ಬರೆದಿದ್ದೀರಿ. ಹಾಗಾದರೆ ಈಗಿರುವ ಬ್ರೋಕರ್ ಕೂಡ ಯಾಕೆ ಬೇಕು?