ಅಪ್ಪನ ಸ್ಮರಣ ಸಂಚಿಕೆಯಲ್ಲಿ ಏನಿರಬೇಕು?

ಪ್ರಶ್ನೆ: ನಮ್ಮ ತಂದೆ ಗಂಗಾವತಿಯಲ್ಲಿ ದಿನಪತ್ರಿಕೆಯೊಂದರ ತಾಲ್ಲೂಕು ವರದಿಗಾರರಾಗಿದ್ದರು. ಇಷ್ಟಲಿಂಗ ಪೂಜೆಯಾಗದೆ ಒಂದು ಗುಟುಕು ಚಹಾ ಕುಡಿದವರಲ್ಲ. ಬಿಡುವು ಸಿಕ್ಕರೆ ಗುಡ್ಡ, ಕೆರೆ, ಹೊಳೆದಂಡೆ. ಅವರ ಟಿಪ್ಪಣಿ ಪುಸ್ತಕದ ಒಂದೇ ಪುಟದಲ್ಲಿ ಭತ್ತದ ದರ, ತುಂಗಭದ್ರಾ ಹಿನ್ನೀರಿನಲ್ಲಿ ಕಂಡ ಪಟ್ಟೆತಲೆ ಹೆಬ್ಬಾತುಗಳು, ಕೆಳಗೆ ವಚನದ ಒಂದು ಸಾಲು ಇವೆ. ಮೊದಲ ಪುಣ್ಯಸ್ಮರಣೆಗೆ ಸಂಚಿಕೆಯೊಂದನ್ನು ತರಬೇಕೆಂದಿದ್ದೇವೆ. ವರದಿಗಳಷ್ಟೇ ಇರಲಿ, ಪೂಜೆಯ ವಿಷಯ ಬಂದರೆ ಅವರ ನಿಷ್ಪಕ್ಷಪಾತವನ್ನು ಜನ ಅನುಮಾನಿಸುತ್ತಾರೆ ಎಂಬುದು ಅಣ್ಣನ ವಾದ. ಅವ್ವನಿಗೆ ಭಕ್ತಿಯಷ್ಟೇ ಸಾಕು. ಗುಡ್ಡದ ಮಾತೆತ್ತಿದರೆ ಮುಖ ತಿರುಗಿಸುತ್ತಾಳೆ. ಅಪ್ಪ ತಾವೇ ನಡೆದುಕೊಳ್ಳುತ್ತಿದ್ದ ಗುಡಿಯ ಹುಂಡಿ ಲೆಕ್ಕದ ಬಗ್ಗೆ ಬರೆದ ವರದಿ ಬೇಡವೆಂದು ಬಂಧುಗಳ ಒತ್ತಾಯ. ಯಾರ ಮಾತು ಕೇಳಲಿ?
– ಓದುಗಿ, ಕೊಪ್ಪಳ ಜಿಲ್ಲೆ

ಉತ್ತರ: ಸಹೋದರಿ, ಬಂಧುಗಳು ಬೇಡವೆನ್ನುವ ಆ ಹುಂಡಿಯ ವರದಿಯಿಂದಲೇ ಆರಂಭಿಸೋಣ, ಏಕೆಂದರೆ ಅಣ್ಣನ ಅಂಜಿಕೆಗೂ ಅವ್ವನ ಆಸೆಗೂ ಅದರಲ್ಲಿ ಉತ್ತರವಿದೆ. ತಾನು ಕೈಮುಗಿಯುವ ದೇವರ ಕಾಣಿಕೆಗೆ ಲೆಕ್ಕ ಸಿಗದಿದ್ದಾಗ, ಮರುದಿನ ಅದೇ ಗುಡಿಯ ಮೆಟ್ಟಿಲು ಹತ್ತಬೇಕೆಂಬುದು ಗೊತ್ತಿದ್ದೂ ಬರೆದವರ ಭಕ್ತಿ ಎಷ್ಟು ಗಟ್ಟಿಯಾಗಿದ್ದಿರಬೇಕು! ಅದನ್ನು ಖಂಡಿತ ಸೇರಿಸಿ. ಆಮೇಲೆ ಆಡಳಿತ ಮಂಡಳಿಯಿಂದ ಸ್ಪಷ್ಟನೆ ಬಂದಿದ್ದರೆ ಅದನ್ನೂ ಪಕ್ಕದಲ್ಲೇ ಅಚ್ಚು ಹಾಕಿಸಿ. ನಿಮ್ಮ ತಂದೆ ಬದುಕಿದ್ದರೆ ಅಷ್ಟನ್ನು ತಪ್ಪದೆ ಮಾಡುತ್ತಿದ್ದರೆಂದು ನನ್ನ ನಂಬಿಕೆ.

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದರು ಎಂಬುದನ್ನು ಅಣ್ಣನಿಗೆ ನೆನಪಿಸಿ. ಮರುವರ್ಷ ಆ ಪತ್ರಿಕೆ ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ನಮ್ಮ ಬಳ್ಳಾರಿಯಲ್ಲೇ ಅಚ್ಚಾಯಿತು. ನಾವು ಪತ್ರಿಕಾ ದಿನ ಆಚರಿಸುವುದು ದೇವರನ್ನು ನಂಬಿದ ಒಬ್ಬ ಸಂಪಾದಕರು ಕೆಲಸ ತೊಡಗಿದ ದಿನದಂದೇ ಆಗಿರುವಾಗ, ಪೂಜೆ ಮಾಡುತ್ತಿದ್ದರೆಂದು ಹೇಳಿಕೊಳ್ಳಲು ನಿಮ್ಮ ಮನೆಯವರು ಹಿಂಜರಿಯಬೇಕಾದ ಕಾರಣ ನನಗೆ ಕಾಣುವುದಿಲ್ಲ. ಬರೆದದ್ದು ನ್ಯಾಯವಾಗಿತ್ತೇ ಎಂಬುದನ್ನು ವರದಿಗಳನ್ನು ಓದಿದವರು ತಾವೇ ತೀರ್ಮಾನಿಸಲಿ.

ಅವ್ವನ ವಿಷಯದಲ್ಲಿ ಮಾತ್ರ ಅವಸರ ಬೇಡ. ತಾಲ್ಲೂಕು ವರದಿಗಾರರ ಮನೆಯಲ್ಲಿ ವಾರವೆಲ್ಲ ಸುದ್ದಿಯ ಪಾಲಾಗುತ್ತದೆ. ಉಳಿದ ಒಂದು ದಿನವನ್ನೂ ಗುಡ್ಡ ಕಸಿದುಕೊಂಡರೆ ಹೆಂಡತಿಗೆ ಸಿಗುವುದು ಬಾಗಿಲು ಕಾಯುವ ಕೆಲಸ. ಆ ನೋವನ್ನು ಯಾರೂ ಕೇಳಿರಲಾರರು. ಅವರ ಬಳಿ ಕುಳಿತು ಕೇಳಿ, ಅವರಾಡಿದ ಹಾಗೆಯೇ ಬರೆದುಕೊಳ್ಳಿ, ಬೈದರೆ ಬೈಗುಳವನ್ನೂ ಬಿಡಬೇಡಿ. ಹೊಗಳಿಕೆಯ ಹತ್ತು ಲೇಖನಗಳಿಗಿಂತ ಅದರಲ್ಲಿ ನಿಮ್ಮ ತಂದೆ ಹೆಚ್ಚು ಜೀವಂತವಾಗಿರುತ್ತಾರೆ.

ಹಾಗೆಂದು ಗುಡ್ಡವನ್ನು ಬಿಡಲಾಗದು. ಗಂಗಾವತಿಯ ಮನುಷ್ಯ ಗುಡ್ಡ ಸುತ್ತಿದರೆಂದ ಮೇಲೆ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡಕ್ಕೆ ಹೋಗದೆ ಇದ್ದಿರಲಾರರು. ಬೃಹತ್ ಶಿಲಾಯುಗದ ಜನ ಸತ್ತವರ ನೆನಪಿಗಾಗಿ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ ಕಟ್ಟಿದ ನೂರಾರು ಕಲ್ಮನೆಗಳು, ಬಡಿದರೆ ನಾದ ಕೊಡುವ ಕಲ್ಲಿನ ನಗಾರಿ ಅಲ್ಲಿವೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಆ ತಾಣ ಸೇರಿತು. ಅವರೊಡನೆ ಅಲ್ಲಿ ಅಡ್ಡಾಡಿದ ಕುರಿಗಾಹಿಗಳನ್ನು ಹುಡುಕಿ ಮಾತನಾಡಿಸಿ. ಹಿಮಾಲಯವನ್ನು ದಾಟಿ ಬರುವ ಹೆಬ್ಬಾತುಗಳನ್ನು ನಿಮ್ಮ ತಂದೆ ಯಾವ ತಾರೀಖಿನಂದು ಎಲ್ಲಿ ಕಂಡರೆಂಬ ಬರಹ ಪಕ್ಷಿ ವೀಕ್ಷಕರಿಗೆ ನಿಜವಾದ ದಾಖಲೆ.

ಸಂಚಿಕೆಗೆ ಭಕ್ತಿ, ವೃತ್ತಿ, ಹವ್ಯಾಸ ಎಂಬ ಭಾಗಗಳನ್ನು ಮಾಡಬೇಡಿ. ನೀವು ಹೇಳಿದ ಆ ಟಿಪ್ಪಣಿ ಪುಟವನ್ನು ಅವರ ಕೈಬರಹದಲ್ಲೇ ಮೊದಲಿಗೆ ಹಾಕಿ, ಉಳಿದದ್ದನ್ನು ವರ್ಷಗಳ ಕ್ರಮದಲ್ಲಿ ಜೋಡಿಸಿ. ಅವರ ಬದುಕಿನಲ್ಲಿ ಬೆರೆತಿದ್ದದ್ದು ಪುಸ್ತಕದಲ್ಲೂ ಬೆರೆತೇ ಇರಲಿ. ಆದರೆ ಗುಟ್ಟಾಗಿ ಸುದ್ದಿ ಕೊಟ್ಟವರ ಹೆಸರುಗಳು ಟಿಪ್ಪಣಿ ಪುಸ್ತಕಗಳಲ್ಲಿದ್ದರೆ ಒಂದೂ ಹೊರಬರಕೂಡದು. ನಿಮ್ಮ ತಂದೆ ಕೊಟ್ಟ ಮಾತು ಉಳಿಸಿಕೊಳ್ಳುವ ಹೊಣೆ ಈಗ ನಿಮ್ಮದು. ಹಳೆಯ ಪತ್ರಿಕಾ ತುಣುಕುಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಕಾಗದ ಒಳಗೊಳಗೇ ಹಾಳಾಗುತ್ತದೆ. ಸ್ಕ್ಯಾನ್ ಮಾಡಿಸಿ, ಬಿಸಿಲು ತಾಗದ ಕಡೆ ಒಣಗಿದ ಪೆಟ್ಟಿಗೆಯಲ್ಲಿಡಿ.

ಪುಣ್ಯಸ್ಮರಣೆಯ ಹೊತ್ತಿಗೆ ಕೆಲಸ ಮುಗಿಯದಿದ್ದರೆ ಅಂದು ಪೂಜೆ, ದಾಸೋಹ ನಡೆಯಲಿ, ಸಂಚಿಕೆಯನ್ನು ಜುಲೈ 1ಕ್ಕೆ ತನ್ನಿ. ಅವ್ವನ ಮಾತುಗಳಿರುವ ಪುಟಗಳನ್ನು ಮಾತ್ರ ಅಚ್ಚಿಗೆ ಕಳಿಸುವ ಮೊದಲು ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆಯಿರಿ.