ಗ್ರೂಮಿಂಗ್ ಆಗಿ ಎರಡೇ ದಿನಕ್ಕೆ ಬೆನ್ನು ಮುಟ್ಟೋಕೆ ಬಿಡ್ತಿಲ್ಲ, ಅಲರ್ಜಿನಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಲ್ಯಾಬ್ರಡಾರ್‌ಗೆ 4 ವರ್ಷ. ಭಾನುವಾರ ಗ್ರೂಮಿಂಗ್‌ಗೆ ಬಿಟ್ಟಿದ್ವಿ, ಸ್ನಾನ ಮಾಡ್ಸಿ ಚೆನ್ನಾಗಿ ಬ್ರಶ್ ಮಾಡಿ ಕಳ್ಸಿದ್ರು, ಅವತ್ತು ಆರಾಮಾಗೇ ಇದ್ದ. ಮಂಗಳವಾರ ಬೆಳಿಗ್ಗೆಯಿಂದ ಬೆನ್ನು ಮುಟ್ಟಿದ್ರೆ ಕಿರುಚ್ತಾನೆ, ಊಟ ಮೂಸಿಯೂ ನೋಡ್ತಿಲ್ಲ. ಗ್ರೂಮರ್ ಕೇಳಿದ್ರೆ ಶಾಂಪೂ ಅಲರ್ಜಿ ಇರ್ಬೇಕು, ಕೊಬ್ಬರಿ ಎಣ್ಣೆ ಹಚ್ಚಿ ಅಂತಾರೆ. ಎರಡು ದಿನ ನೋಡೋದಾ?

ಉತ್ತರ: ಬೇಡ, ಇವತ್ತೇ ಕರ್ಕೊಂಡು ಹೋಗಿ. ಅಲರ್ಜಿ ಆದ್ರೆ ಕೆರ್ಕೊಳ್ತಾನೆ, ನೆಕ್ಕೊಳ್ತಾನೆ, ಊಟ ಬಿಡೋದು ಅಪರೂಪ. ನಿಮ್ಮವನಿಗೆ ಇರೋದು ನೋವು. ಸ್ನಾನ ಆಗಿ ಒಂದೆರಡು ದಿನದಲ್ಲಿ ಹೀಗಾದ್ರೆ ನಾವು ಮೊದ್ಲು ಅನುಮಾನ ಪಡೋದು ಫ್ಯೂರಂಕ್ಯುಲೋಸಿಸ್, ಅಂದ್ರೆ ಕೂದಲ ಬುಡ ಚರ್ಮದೊಳಗೇ ಒಡೆದು ಸೋಂಕಾಗೋದು. ಒದ್ದೆ ಮೈನ ಕೂದಲಿಗೆ ಎದುರಾಗಿ ಜೋರಾಗಿ ಉಜ್ಜಿದ್ರೆ ಬುಡ ಗಾಯ ಆಗತ್ತೆ, ಅದರ ಮೇಲೆ ಶಾಂಪೂಗೆ ನೀರು ಬೆರೆಸಿ ದಿನಗಟ್ಲೆ ಇಟ್ಟಿರೋ ಬಾಟಲಿ ಬಳಸಿದ್ರೆ ಮುಗೀತು, ಅದ್ರಲ್ಲಿ ಸೂಡೊಮೋನಾಸ್ ಅನ್ನೋ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆಯತ್ತೆ (ಸೋಪಿನ ಬಾಟಲಿ ಯಾವಾಗ್ಲೂ ಕ್ಲೀನ್ ಅಂತ ನಾವೆಲ್ಲ ನಂಬಿರ್ತೀವಿ!).

ತೊಂದ್ರೆ ಏನಂದ್ರೆ ದಟ್ಟ ಕೂದಲಲ್ಲಿ ಗುಳ್ಳೆ ಕಾಣಲ್ಲ, ಹಾಗಾಗಿ ಇದನ್ನ ಬೆನ್ನುಮೂಳೆ ನೋವು ಅಂದ್ಕೊಂಡು ಎಕ್ಸ್‌ರೇ ತೆಗ್ಸಿ ಸ್ಟಿರಾಯ್ಡ್ ಕೊಟ್ಟುಬಿಡೋ ಸಾಧ್ಯತೆ ಇದೆ, ಸೋಂಕಿದ್ದಾಗ ಅದು ಇನ್ನೂ ಅಪಾಯ. ಅದಕ್ಕೇ ಹೋದ ತಕ್ಷಣ ಸ್ನಾನ ಯಾವತ್ತು ಆಯ್ತು ಅಂತ ಹೇಳಿ, ಬೆನ್ನಿನ ಕೂದಲು ಸ್ವಲ್ಪ ಟ್ರಿಮ್ ಮಾಡಿ ನೋಡೋಕೆ ಕೇಳಿ. ಕೀವಿನ ಕಲ್ಚರ್ (ಯಾವ ಬ್ಯಾಕ್ಟೀರಿಯಾ, ಯಾವ ಔಷಧಿ ನಾಟತ್ತೆ ಅಂತ ಲ್ಯಾಬಲ್ಲಿ ಬೆಳೆಸಿ ನೋಡೋ ಪರೀಕ್ಷೆ) ಮಾಡ್ಸಿದ್ರೆ ಒಳ್ಳೇದು, ಯಾಕಂದ್ರೆ ಈ ಬ್ಯಾಕ್ಟೀರಿಯಾಗೆ ಸಾಮಾನ್ಯ ಆಂಟಿಬಯೋಟಿಕ್ ಎಷ್ಟೋ ಸಲ ನಾಟಲ್ಲ, ಸರಿಯಾದ ಔಷಧಿನೂ ವಾರಗಟ್ಲೆ ಬೇಕಾಗತ್ತೆ. ಆ ಶಾಂಪೂ ಸಿಕ್ರೆ ಅದನ್ನೂ ತಗೊಂಡು ಹೋಗಿ.

ಮನೇಲಿ ಥರ್ಮಾಮೀಟರ್ ಇದ್ರೆ ಗುದದಲ್ಲಿಟ್ಟು ನೋಡಿ, ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾರ್ಮಲ್, 103 ದಾಟಿದ್ರೆ ಜ್ವರ ಅಂತಾನೇ ಇಟ್ಕೊಳ್ಳಿ. ಆದ್ರೆ ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರ ಕೊಡ್ಲೇಬೇಡಿ, ವಿಷ ಆಗ್ಬೋದು. ಎಣ್ಣೆ ಬೇಡ, ಉಜ್ಜೋದು ಬೇಡ, ಇನ್ನೊಂದು ಸ್ನಾನವಂತೂ ಬೇಡ.

ಬೇರೆಯವ್ರಿಗೂ ಹೇಳ್ಬಿಡ್ತೀನಿ. ಟ್ರಿಮ್ಮರ್ ತಾಗಿ ಚರ್ಮ ಸ್ವಲ್ಪ ಕೆಂಪಾಗಿದ್ರೆ ನೆಕ್ಕೋಕೆ ಬಿಡ್ಬೇಡಿ, ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಇಳಿಯತ್ತೆ. ಒಂದು ಕಣ್ಣು ಮುಚ್ಕೊಂಡೇ ಇದ್ರೆ ಅಥವಾ ತಲೆ ಒದರಿ ಒದರಿ ಕಿವಿ ಊದ್ಕೊಂಡಿದ್ರೆ ಅವತ್ತೇ ತೋರಿಸಿ. ಪಗ್, ಶಿಟ್ಸೂ ಥರ ಚಪ್ಪಟೆ ಮೂತಿಯವು ಡ್ರೈಯರ್ ಬಿಸಿಗೆ ಏದುಸಿರು ಬಿಡ್ತಾ ಬಂದ್ರೆ ಫೋನ್ ಮಾಡ್ಕೊಂಡು ಕೂರ್ಬೇಡಿ, ಮೈಗೆ ತಣ್ಣೀರು ಹಾಕ್ತಾ ನೇರ ಆಸ್ಪತ್ರೆಗೆ ಹೊರಡಿ.