ಗೋಡೆ ಬಳಿ ಗುಂಯ್, ನಡುವೆ ಖಾಲಿ

ಪ್ರಶ್ನೆ: 16×12 ಅಡಿ ಕೋಣೆ, ಮೂಲೆಯಲ್ಲಿ ಸಬ್‌ವೂಫರ್ (ಬೇಸ್, ಅಂದರೆ ತಗ್ಗಿನ ದನಿಯ ಸ್ಪೀಕರ್). ಹಿಂದಿನ ಗೋಡೆಗೆ ಒರಗಿಸಿದ ಸೋಫಾದಲ್ಲಿ ಬೇಸ್ ಗುಂಯ್‌ಗುಡುತ್ತದೆ, ನಡುವೆ ನಿಂತರೆ ಕೇಳಿಸುವುದೇ ಇಲ್ಲ. ಸಬ್‌ವೂಫರ್ ಕೆಟ್ಟಿದೆಯೇ?

ಉತ್ತರ: ಇಲ್ಲ, ಅದು ಕೋಣೆಯ ಗುಣ. 16 ಅಡಿ ಉದ್ದದಲ್ಲಿ ಸುಮಾರು 35 ಹರ್ಟ್ಜ್ (ಸೆಕೆಂಡಿಗೆ 35 ಕಂಪನ) ದನಿಯ ಅಲೆ ಗೋಡೆಗಳ ನಡುವೆ ನಿಂತುಬಿಡುತ್ತದೆ: ಗೋಡೆಯ ಬಳಿ ಉಬ್ಬು (ದನಿ ಜೋರು), ನಟ್ಟನಡುವೆ ಹಳ್ಳ (ದನಿ ಕ್ಷೀಣ). ಸೋಫಾವನ್ನು ಮೂರು ಅಡಿ ಮುಂದಕ್ಕೆ ಎಳೆಯಿರಿ. ಸಬ್‌ವೂಫರಿಗೆ ಸರಿಯಾದ ಜಾಗ ಹುಡುಕಲು, ಅದನ್ನೇ ಸೋಫಾ ಮೇಲಿಟ್ಟು 30ರಿಂದ 80 ಹರ್ಟ್ಜ್ ಟೋನ್‌ಗಳನ್ನು ನುಡಿಸಿ. ಗೋಡೆಗುಂಟ ಮಂಡಿಯೂರಿ ಸಾಗುತ್ತ, ಕಿವಿಯನ್ನು ನೆಲದ ಹತ್ತಿರವಿಟ್ಟು ಕೇಳಿ. ಎಲ್ಲವೂ ಸಮನಾಗಿ ಕೇಳಿಸುವ ಜಾಗವೇ ಸಬ್‌ವೂಫರಿನದು. ಕ್ರಾಸ್‌ಓವರ್ (ಯಾವ ಹರ್ಟ್ಜ್‌ಗಿಂತ ಕೆಳಗಿನ ದನಿ ಸಬ್‌ವೂಫರಿಗೆ ಹೋಗಬೇಕೆಂಬ ಗಡಿ) 80 ಹರ್ಟ್ಜ್‌ಗಿಡಿ. ಫೇಸ್ (ಸಬ್‌ವೂಫರಿನ ಅಲೆಯನ್ನು ಉಳಿದ ಸ್ಪೀಕರುಗಳ ಅಲೆಗೆ ಹೊಂದಿಸುವ ಗುಂಡಿ) 0, 180 ಡಿಗ್ರಿಗಳಲ್ಲಿ ಯಾವುದಕ್ಕೆ 80 ಹರ್ಟ್ಜ್ ಜೋರಾಗುತ್ತದೋ ಅದನ್ನೇ ಉಳಿಸಿಕೊಳ್ಳಿ. ಮಿಕ್ಕ ಉಬ್ಬನ್ನು ಈಕ್ವಲೈಜರ್‌ನಲ್ಲಿ (ಬೇರೆ ಬೇರೆ ಹರ್ಟ್ಜ್‌ಗಳ ದನಿಯನ್ನು ಏರಿಳಿಸುವ ಸಾಧನ) ತಗ್ಗಿಸಿ. ಹಳ್ಳವನ್ನು ಮಾತ್ರ ಎತ್ತಲು ಹೋಗಬೇಡಿ: ಆಂಪ್ಲಿಫೈಯರ್ ಬಸವಳಿಯುತ್ತದೆ, ಹಳ್ಳ ತುಂಬುವುದಿಲ್ಲ.